ತೊಂಬತ್ತೈದು

ಮೂರು ಮೂತಿಯ ಪಂಪಿನ ಮುಂದೆ ಚೊಯ್ಜಿಲ್ ಮುದುಕ
ತನ್ನ ಪ್ಲಾನೆಟಾ ನಿಲ್ಲಿಸಿದ. ವಯಸ್ಸು ಐವತ್ತು, ಬೈಕಿಗೆ.
"ತೊಂಬತ್ತೈದು ಹಾಕು ಮಗಳೇ, ದುಬಾರಿಯದೇ ಹಾಕು.
ನಾಳೆ ಮೊಮ್ಮಗಳ ಮೊದಲ ಕೂದಲು ತೆಗೆಯುವ ದಿನ,
ಗೋಬಿಯ ಅಂಚಿನವರೆಗೆ ಹೋಗಬೇಕು.
ಇದೂ ಒಮ್ಮೆ ಹಬ್ಬದೂಟ ಉಣ್ಣಲಿ."

ದುಲ್ಮಾ ಪೈಪು ಹಿಡಿದವಳು ಹಿಡಿದೇ ನಿಂತಳು.
"ಅಜ್ಜಾ, ಅಂಕಿ ಬಲದ್ದಲ್ಲ, ತಾಳ್ಮೆಯದು.
ಸಿಲಿಂಡರಿನ ಕತ್ತಲಲ್ಲಿ ಎದೆ ಅದುಮಿದರೂ
ಕಿಡಿ ಬರುವ ತನಕ ಉರಿದುಬೀಳದೆ
ಎಷ್ಟು ತಡೆದೀತು ಎಂಬ ಲೆಕ್ಕ.
ನಿನ್ನ ಗಾಡಿ ಯಾರನ್ನೂ ಅಷ್ಟು ಅದುಮುವುದಿಲ್ಲ.
ಎಂಬತ್ತು ಸಾಕು."

ಅವನು ನಂಬಲಿಲ್ಲ. ಅವಮಾನವೆನಿಸಿತೋ ಏನೋ,
ಟ್ಯಾಂಕಿನ ಧೂಳನ್ನು ತೋಳಿನಿಂದ ಒರೆಸಿದ.
ಆಚೆ ದಿಬ್ಬ ಹತ್ತುತ್ತಿದ್ದ ಹುಡುಗನ ಹೊಸ ಬೈಕು
ಅಗ್ಗದ್ದು ಕುಡಿದು ಟಕಟಕ ಹಲ್ಲು ಕಡಿಯುತ್ತಿತ್ತು.
"ಕೇಳು, ಅದಕ್ಕೆ ಬೇಕು ತೊಂಬತ್ತೈದು."

ಅಷ್ಟರಲ್ಲಿ ಫೋನು. ಪಟ್ಟಣದ ಮ್ಯಾನೇಜರು:
ದುಬಾರಿಯದು ಯಾಕೆ ಖರ್ಚಾಗುತ್ತಿಲ್ಲ, ಈ ತಿಂಗಳೂ?
"ಹೂಂ," ಅಂದಳು. "ಹೂಂ." ಮತ್ತೆ, "ಹೂಂ."
ಒಂಬತ್ತು ವರ್ಷದಿಂದ ಅನ್ನುತ್ತ ಬಂದ ಹಾಗೆಯೇ.
ಮುದುಕ ಅವಳ ದವಡೆಯನ್ನೇ ನೋಡಿದ.

"ಸರಿ," ಅಂದ, "ಎಂಬತ್ತೇ ಹಾಕು."
ಉಳಿದ ತುಗ್ರಿಕ್‌ಗೆ ಹಾಲಿನ ಮಿಠಾಯಿ ಕೊಂಡು
ಒಂದು ಹಿಡಿ ಅವಳ ಕಿಟಕಿಯಲ್ಲಿಟ್ಟ.
ನಾಲ್ಕನೇ ಒದೆತಕ್ಕೆ ಗಾಡಿ ಕೆಮ್ಮಿತು. ನೀಲಿ ಹೊಗೆ,
ಮತ್ತೆ ಹುಲ್ಲು.