ಎರಡು ಸಲ ನೀರು ಬಿಡಿ

ಮುನಿಶಾಮಿ ಗಾಜಿನ ಲೋಟ ಎತ್ತಿ ಬಿಸಿಲಿಗೆ ಹಿಡಿಯುತ್ತಾನೆ:
ನೋಡಿ ಮೇಡಂ, ಎಷ್ಟು ತಿಳಿ.
ಆಸ್ಪತ್ರೆಯ ಹಿಂದೆ, ಜನರೇಟರ್ ಶೆಡ್ಡು ದಾಟಿದರೆ ಅವನ ರಾಜ್ಯ.
ಬುರುಗೆದ್ದು ಮರಳುವ ತೊಟ್ಟಿ, ಮರಳು, ಇದ್ದಿಲು, ಕ್ಲೋರಿನ್ನು,
ಕೊನೆಯ ತೊಟ್ಟಿಯಲ್ಲಿ ಅವನೇ ತಂದು ಬಿಟ್ಟ ಏಳು ಗಪ್ಪಿ ಮೀನು.
ಮೀನು ಸತ್ತರೆ ತಾನೇ ಕೆಟ್ಟ ನೀರು?
ನನ್ನ ಹತ್ತಿರ ಉತ್ತರವಿಲ್ಲ, ಬಾಟಲಿಯಿದೆ.
ಮುಚ್ಚಳ ಬಿಗಿದು ಬರೆಯುತ್ತೇನೆ:
ಮಂಗಳವಾರ, ಬೆಳಗ್ಗೆ ಏಳೂವರೆ.

ಕ್ಲಾಕ್ ಟವರ್ ಹತ್ತಿರ ಗಂಗುಲಮ್ಮ ಕೇಳುತ್ತಾಳೆ:
ಇಷ್ಟು ಚಿಕ್ಕ ಎರ್ರಗಡ್ಡ ಯಾಕಮ್ಮ, ಸಾಂಬಾರಿಗಾ?
ಒಂದೇ ಅಳತೆಯದು, ಮೊಳಕೆ ಬಾರದ್ದು,
ಹೆಣ್ಣು ನೋಡಲು ಬಂದವರ ಹಾಗೆ ತಿರುಗಿಸಿ ತಿರುಗಿಸಿ
ಮೂವತ್ತು ಆರಿಸುತ್ತೇನೆ.
ಕೊಸರು ಅಂತ ಇನ್ನೊಂದು ಎಸೆಯುತ್ತಾಳೆ, ಕೊಳೆತದ್ದು.

ಹೋಲಿಸಲು ಒಂದು ಒಳ್ಳೆಯ ನೀರು ಬೇಕು.
ಬಟ್ಟಿ ಇಳಿಸಿದ ನೀರಲ್ಲಿ ಬೇರು ಮುನಿಸಿಕೊಂಡು ನಿಂತಿತು.
ನಲ್ಲಿಯದು ಸಾವಿರದಿನ್ನೂರು ಅಡಿ ಕೆಳಗಿನದು,
ಹಲ್ಲು ಕಂದು ಮಾಡುವುದನ್ನು
ಯಾವ ಬಾಯಲ್ಲಿ ಒಳ್ಳೆಯದೆನ್ನಲಿ?
ಕ್ಯಾನು ಹೊತ್ತು ಅಂತರಗಂಗೆಯ ಮೆಟ್ಟಿಲು ಹತ್ತಿದೆ.
ಒಂದು ಕೋತಿ ಮುಚ್ಚಳ ಕಿತ್ತುಕೊಂಡು ಓಡಿತು.
‘ನೀರಿನ ಮೂಲ’ ಎಂಬಲ್ಲಿ ‘ಬಸವನ ಬಾಯಿ’ ಎಂದು ಬರೆದೆ,
ಗೈಡು ಹೊಡೆದುಹಾಕಿ ‘ಚಿಲುಮೆ’ ಎಂದು ತಿದ್ದಿದರು.

ಮೂರನೆಯ ದಿನ ಎಲ್ಲಕ್ಕೂ ಬೇರು,
ಮುದುಕರ ಗಡ್ಡದ ಹಾಗೆ ಬೆಳ್ಳಗೆ.
ತುದಿ ಕತ್ತರಿಸಿ, ಬಿಸಿ ಆಮ್ಲದಲ್ಲಿ ಮೆದುಮಾಡಿ,
ಕೆಂಪು ಬಣ್ಣ ಕುಡಿಸಿ, ಸ್ಲೈಡಿಗಿಟ್ಟು
ಹೆಬ್ಬೆರಳಲ್ಲಿ ಒತ್ತುತ್ತೇನೆ,
ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟಿಡುವಷ್ಟೇ ಬಲದಿಂದ.
ಯಾವುದು ಯಾವ ನೀರಿನದೆಂದು ನನಗೆ ತಿಳಿಯಕೂಡದು.
ಪುಷ್ಪವಲ್ಲಿ ಬರೀ ಅಂಕಿ ಅಂಟಿಸಿ
ಚೀಟಿ ತನ್ನ ಪರ್ಸಿನಲ್ಲಿಟ್ಟುಕೊಂಡಿದ್ದಾಳೆ.

ಹದಿನಾರು ಎಳೆ ಸೀಳಿ
ಅತ್ತ ಹದಿನಾರು, ಇತ್ತ ಹದಿನಾರು,
ಪಾಲು ಪಡೆದ ಅಣ್ಣತಮ್ಮಂದಿರು ಜಗಳವಿಲ್ಲದೆ ಎದ್ದುಹೋದಂತೆ.
ಎಣಿಸುತ್ತೇನೆ. ನೂರು. ನಾನೂರು. ಟೀ ಆರಿತು.
ಏಳನೇ ಸ್ಲೈಡು.
ಇಲ್ಲಿ ಎರಡು ಕಡೆಯವರೂ ಬಿಟ್ಟುಕೊಡದ ಒಂದು ಎಳೆ
ನಡುವೆ ಸೇತುವೆಯಾಗಿ ಜಗ್ಗುತ್ತಿದೆ.
ಇಲ್ಲಿ ಯಾವ ಮನೆಗೂ ಸೇರದೆ ಹಿಂದುಳಿದ ಚೂರು.
ಇಲ್ಲಿ ಕೋಶಕೇಂದ್ರದ ಪಕ್ಕ,
ಒಗ್ಗರಣೆಯಿಂದ ಸಿಡಿದ ಸಾಸಿವೆಯ ಹಾಗೆ, ಇನ್ನೊಂದು ಪುಟ್ಟ ಕೇಂದ್ರ.
ಸಾವಿರಕ್ಕೆ ಮೂವತ್ತೊಂದು.

ಚೀಟಿ ಬಿಚ್ಚಿದಳು.
ಎರಡು: ಚಿಲುಮೆ. ಅದಕ್ಕೂ ನಾಲ್ಕು ಇತ್ತು.
ಏಳು: ಕೊನೆಯ ತೊಟ್ಟಿ, ಮಂಗಳವಾರ.

ಮಂಗಳವಾರದ ಹಿಂದೆ ಸೋಮವಾರ.
ನಾಲ್ಕನೇ ಮಹಡಿ, ಹನ್ನೊಂದು ಕುರ್ಚಿ,
ಕಿಟಕಿಯ ಕಡೆಯದರಲ್ಲಿ ನಮ್ಮಕ್ಕ.
ದಾಳಿಂಬೆ ಬಣ್ಣ ಹನಿಹನಿಯಾಗಿ ಅವಳ ತೋಳಿಗಿಳಿದು ಮುಗಿದಾಗ
ನರ್ಸು ಬಾಗಿ ಕಿವಿಯಲ್ಲಿ ಹೇಳಿದ್ದು:
ಎರಡು ದಿನ, ಹೋದಾಗಲೆಲ್ಲ, ಎರಡು ಸಲ ನೀರು ಬಿಡಿ.
ಅಕ್ಕ ಶಿಸ್ತಿನವಳು.
ಎರಡೆಂದರೆ ಮೂರು ಸಲ ಬಿಟ್ಟಿರುತ್ತಾಳೆ.

ಅವಳ ಗಂಟಿನೊಳಗೆ ಹುಚ್ಚಾಗಿ ಹೆಚ್ಚುತ್ತಿರುವುದನ್ನು
ಇದೇ ತಾನೇ ನಿಲ್ಲಿಸಬೇಕು, ಹೀಗೇ, ಎಳೆ ಹರಿದು?
ಹೇಳಬಾರದು, ಆದರೂ
ಮೂವತ್ತೊಂದು ಎಂಬುದನ್ನು ನೋಡಿ ಒಂದು ಗಳಿಗೆ ಖುಷಿಯಾಯಿತು.
ಮದ್ದು ಹಿಡಿದಿದೆ.

ಆಮೇಲೆ, ಆ ತೊಟ್ಟಿಯ ಪೈಪು ಹೋಗುವ
ಕನಕಾಂಬರದ ಮಡಿ ನೆನಪಾಯಿತು.
ಹೂ ಕಟ್ಟಿ ಮಾರುವವರು ಬರಿಗಾಲಲ್ಲಿ ಕೆಸರು ತುಳಿಯುವುದು ನೆನಪಾಯಿತು.

ಬೋರ್ಡಿಗೆ ಕಳಿಸುವ ನಮೂನೆಯಲ್ಲಿ
ಆಮ್ಲತೆ, ತೇಲುವ ಕೆಸರು, ಎಣ್ಣೆ, ಕೋಲಿಫಾರ್ಮು,
ಎಲ್ಲ ಮಿತಿಯೊಳಗೆ, ಎಲ್ಲಕ್ಕೂ ಸಹಿ.
ಈರುಳ್ಳಿ ಹೇಳಿದ್ದಕ್ಕೆ ಕಾಲಂ ಇಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ. ಅಳಿಸಿದೆ.
ಪೆನ್ನಿನಿಂದ ಬರೆದೆ.

ಸಂಜೆ ಮುನಿಶಾಮಿಗೆ ಫೋನು ಮಾಡಿ
ಏನು ಕೇಳುವುದೆಂದು ತಿಳಿಯದೆ, ಮೀನು ಹೇಗಿವೆ ಎಂದೆ.
ಸಕತ್ತಾಗಿವೆ ಮೇಡಂ, ಮರಿ ಹಾಕಿವೆ,
ತೊಟ್ಟಿ ತುಂಬ ಓಡಾಡ್ತವೆ, ಲೆಕ್ಕ ಸಿಗ್ತಿಲ್ಲ ನನಗೆ.
ನೀವೇ ಒಂದು ಸಲ ಬನ್ನಿ, ಎಣಿಸೋಕೆ.