ಅರ್ಧ ಇಂಚು

ಮೂವತ್ತೆಂಟು ವರ್ಷ
ಕಂಡವರ ಕಾಲು ಗಿಡ್ಡ ಮಾಡಿದವಳು ನಾನು.
ಕೌಲ್ ಬಜಾರಿನ ಜೀನ್ಸ್ ಯೂನಿಟ್ಟಿನಲ್ಲಿ
ಇಷ್ಟು ಮಡಚಿ, ಇಷ್ಟು ಕತ್ತರಿಸಿ, ಇಷ್ಟು ಬಿಟ್ಟು,
ಹೆಸರೇ ಕೇಳದ ಊರುಗಳ ಹುಡುಗರಿಗೆ
ಹಿಮ್ಮಡಿಯ ಮೇಲೆ ಸರಿಯಾಗಿ ಕೂರುವ ಅಂಚು.

ಈಗ ಡಾಕ್ಟರು ಅದೇ ಕೆಲಸ ನನಗೆ ಮಾಡಿ
"ಅರ್ಧ ಇಂಚು ಕಮ್ಮಿ ಆಗೈತಿ, ಅಷ್ಟ" ಅಂದರು.
ಅಷ್ಟೇ.
ಕೂಲಿ ಕೂಡ ನಾನೇ ಕೊಟ್ಟೆ.

ಬಿದ್ದದ್ದು ದೊಡ್ಡ ಕಥೆಯೇನಲ್ಲ.
ಮೆಟ್ಟಿಲ ಮೇಲೊಂದು ಕಟಿಂಗ್ ಚೂರು, ನೀಲಿ, ಅಂಗೈಯಗಲ,
ಚಹಾ ತರಲು ಹೊರಟವಳ ಬಲಗಾಲಿನಡಿ ಸಿಕ್ಕಿತು.
ಹದಿನಾಲ್ಕು ಮೆಟ್ಟಿಲು. ಒಂಬತ್ತನೆಯದರಲ್ಲಿ ಸದ್ದು ಕೇಳಿತು:
ದಪ್ಪ ಬಟ್ಟೆಯ ನಾಲ್ಕು ಪದರಿಗೆ ಸೂಜಿ ಸಿಕ್ಕಿ
ಚಟಕ್ಕೆಂದು ಮುರಿಯುತ್ತದಲ್ಲ, ಹಾಗೆ.
ಸೂಜಿಯಾದರೆ ಡಬ್ಬಿಯಲ್ಲಿ ಇನ್ನೊಂದಿರುತ್ತದೆ.

ತೊಡೆಯೊಳಗೆ ಈಗ ಒಂದು ರಾಡು, ಏಳು ಸ್ಕ್ರೂ.
ಹೊಲಿಗೆ ಬಿಚ್ಚುವ ದಿನ ಕನ್ನಡಕ ಹಾಕಿಕೊಂಡು ಎಣಿಸಿದೆ:
ಇಪ್ಪತ್ತೆರಡು. ಒಂದಕ್ಕೊಂದು ಅಂತರ ಸಮ ಇಲ್ಲ.
ನನ್ನ ಕೈಕೆಳಗಿನ ಹುಡುಗಿ ಹೀಗೆ ಹೊಲಿದಿದ್ದರೆ
ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದೆ.
ನರ್ಸಮ್ಮ ನಕ್ಕಳು. ನಾನು ನಗಲಿಲ್ಲ.

ಆಮೇಲೆ ಬೇಸಿಗೆ.
ಬಳ್ಳಾರಿಯ ಏಪ್ರಿಲ್ಲಿನಲ್ಲಿ ಅಂಗಾತ ಮಲಗಿದರೆ
ಕಿಟಕಿಯ ತುಂಬ ಒಂದೇ ಕಲ್ಲಿನ ಗುಡ್ಡ,
ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಕಾರುತ್ತದೆ.
ಅದಕ್ಕೂ ಏಳಲಾಗುವುದಿಲ್ಲ ಎಂದುಕೊಂಡು
ಎರಡು ತಿಂಗಳು ಒಬ್ಬರನ್ನೊಬ್ಬರು ನೋಡಿಕೊಂಡೆವು.

ಬಂದವರು ತಂದದ್ದು ಮಾತು.
"ಪುತ್ತೂರು ಕಟ್ಟು ಕಟ್ಟಿಸಬೇಕಿತ್ತು ನೋಡು."
"ಅರವತ್ತಾರು ಅಂದ್ರ ಎಲುಬು ಕೂಡಂಗಿಲ್ಲ ಬಿಡು."
"ಕಾಲು ಸೂಪು ಕುಡಿ, ಕಾಲಿಗೆ ಕಾಲೇ ಮದ್ದು."
ಹದಿನೆಂಟು ಆಡಿನ ಕಾಲು ಕುಡಿದೆ.
ಲೆಕ್ಕಕ್ಕೆ ನಾಲ್ಕೂವರೆ ಆಡು, ನನ್ನ ಒಂದು ಕಾಲಿಗೆ.

ನಾದಿನಿ ಮಾಬುನ್ನಿ ಮಾತ್ರ ಏನೂ ಹೇಳಲಿಲ್ಲ.
ನಡುಗೋಡೆಯ ಜಗಳಕ್ಕೆ ಹನ್ನೊಂದು ವರ್ಷ
ನನ್ನ ಹೊಸಿಲು ತುಳಿಯದವಳು
ಮೊದಲ ರಾತ್ರಿಯೇ ಬಂದು, ದೀಪ ಆರಿಸಿ,
ಬೆಡ್‌ಪ್ಯಾನ್ ಜರುಗಿಸಿ, ಮುಖ ಆಚೆ ತಿರುಗಿಸಿ ನಿಂತಳು.
ನಾಚಿಕೆಗೆ ಅತ್ತೆ.
"ಹೊತ್ತಾತು, ಲಗೂನ ಮುಗಸು" ಅಂದಳು.
ಗೋಡೆಯ ಮಾತು ಅವಳೂ ಎತ್ತಲಿಲ್ಲ, ನಾನೂ.
ಗೋಡೆ ಇನ್ನೂ ಅಲ್ಲೇ ಇದೆ.

ಸಿರುಗುಪ್ಪದ ಹುಡುಗ ತಾಯಣ್ಣ, ವ್ಯಾಯಾಮ ಹೇಳಿಕೊಡುವವನು,
ನನ್ನ ಪಾದ ಹಿಡಿದು, "ಹಿಂಗ ಕೆಳಗ, ಹಿಂಗ ಮ್ಯಾಲ,
ದಿನಾ ನೂರು ಸಲ ಮಾಡಬೇಕಮ್ಮ" ಅಂದ.
ನೂರಾ?
ಕಾಲುಮಷೀನಿನ ಕಾಲದಲ್ಲಿ ಒಂದೊಂದು ಪ್ಯಾಂಟಿಗೇ
ಅದರ ಹತ್ತರಷ್ಟು ತುಳಿದವಳಿಗೆ ನೂರು.
ಹನ್ನೆರಡಕ್ಕೇ ಕಣ್ಣು ಕತ್ತಲೆ ಬಂತು.

ವಾರಕ್ಕೊಮ್ಮೆ ಟೇಪು ಹಿಡಿದು ತೊಡೆ ಅಳೆದೆ.
ಎಡ ಹದಿನೆಂಟು, ಬಲ ಹದಿನಾಲ್ಕೂವರೆ.
ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ
ಅದೇ ನಡುಗೋಡೆಯ ಮೇಲೆ ಬರೆದೆ.
ಹದಿನಾಲ್ಕೂ ಮುಕ್ಕಾಲು. ಹದಿನೈದು. ಹದಿನೈದು.
ಮೂರನೇ ಸಲವೂ ಹದಿನೈದು ಬರೆದ ವಾರ
ಯಾರ ಜೊತೆಗೂ ಮಾತಾಡಲಿಲ್ಲ.

ವಾಕರು, ಆಮೇಲೆ ಕೋಲು.
ದುರುಗಪ್ಪ ಬಲ ಚಪ್ಪಲಿಗೆ ಅರ್ಧ ಇಂಚು ರಬ್ಬರು ಹಚ್ಚಿಕೊಟ್ಟ,
ಒಂದೇ ಚಪ್ಪಲಿಯ ರೊಕ್ಕ ತಗೊಂಡ.

ನಿನ್ನೆ, ಯಾರೂ ಇಲ್ಲದ ಹೊತ್ತು,
ಮೂಲೆಯ ಹಳೇ ಕಾಲುಮಷೀನಿನ ಹೊದಿಕೆ ತೆಗೆದೆ.
ಬಲಪಾದ ಕೈಯಿಂದಲೇ ಎತ್ತಿ ಹಲಗೆಯ ಮೇಲಿಟ್ಟು
ತುಳಿದೆ.
ಗಾಲಿ ಹಿಂದಕ್ಕೆ ತಿರುಗಿತು, ದಾರ ಹರಿಯಿತು.
ಕಲಿಯಲು ಬಂದ ಹುಡುಗಿಯರಿಗೆ ಮೊದಲ ದಿನ ಆಗುವುದು,
ನಾನು ಬೈಯುತ್ತಿದ್ದದ್ದು.
ಇನ್ನೊಮ್ಮೆ. ಮತ್ತೆ ಹಿಂದಕ್ಕೆ.
ಕೈಯಿಂದ ಗಾಲಿ ದೂಡಿ, ಹಲ್ಲು ಕಚ್ಚಿ, ಇನ್ನೊಮ್ಮೆ.

ಒಂದು ಗೇಣು ಹೊಲಿಗೆ ಬಿತ್ತು
ಅವಳ ದಿಂಬಿನ ಗವಸಿಗೆ.
ಉಗ್ಗಾಣಿ ತಟ್ಟೆ ಹಿಡಿದು ಬಂದ ಮಾಬುನ್ನಿ
ಗವಸನ್ನು ಬೆಳಕಿಗೆ ಎತ್ತಿ ನೋಡಿದಳು.
"ವಾರೆ ಬಂದೈತಿ. ಬಿಚ್ಚಲೇನು?"

ಬೇಡ ಅಂದೆ.
ಉಗ್ಗಾಣಿಗೆ ಉಪ್ಪು ಜಾಸ್ತಿಯಾಗಿತ್ತು.
ಅದನ್ನು ಹೇಳಲಿಲ್ಲ.