ಏಳನೆಯ ಹಲಗೆ

ಬಂದರಿನ ನಮ್ಮ ಅಂಗಡಿಗೆ ಹನ್ನೊಂದು ಹಲಗೆಯ ಬಾಗಿಲು.
ಬೆಳಿಗ್ಗೆ ಒಂದರಿಂದ ತೆಗೆಯಬೇಕು,
ರಾತ್ರಿ ಹನ್ನೊಂದರಿಂದ ಇಡಬೇಕು.
ಕ್ರಮ ತಪ್ಪಿದರೆ ಕೊನೆಯದು ಕೂರುವುದಿಲ್ಲ,
ಕಳ್ಳನಿಗಿಂತ ಮೊದಲು ಬೆಕ್ಕು ಒಳಗೆ.

ಉಳಿ ಹಿಡಿದು ಅಂಕಿ ಕೆತ್ತಿದವ ಅಜ್ಜ, ವಾಮನ ಕುಡ್ವ.
ಹಲಸಿನ ಮರ, ಹೆಣಭಾರ.
ಏಳನೆಯದಕ್ಕೆ ಮಾತ್ರ ಅಂಕಿಯಿಲ್ಲ.
ಅದು ಯಾವುದೋ ಪೆಟ್ಟಿಗೆ ಒಡೆದು ತೆಗೆದ ದೇವದಾರು.
ಮೇಲೆ ಅರ್ಧ ಅಳಿಸಿದ ಹಡಗಿನ ಹೆಸರು,
ಒಂದು ಬಾಣದ ಗುರುತು: ಈ ಬದಿ ಮೇಲೆ.
ನಾವು ಯಾವಾಗಲೂ ಅದನ್ನು ತಲೆಕೆಳಗಾಗಿಯೇ ಇಟ್ಟೆವು,
ಹಾಗಿಟ್ಟರೆ ಮಾತ್ರ ಕೂರುತ್ತಿತ್ತು.

ಮೊದಲು ಮಾರುತ್ತಿದ್ದದ್ದು ತಾಮ್ರದ ಮೊಳೆ, ಡಾಮರು, ಹುರಿಹಗ್ಗ,
ದ್ವೀಪಕ್ಕೆ ಹೋಗುವ ಮಂಜಿಗಳಿಗೆ.
ಕಬ್ಬಿಣ ಆಮೇಲೆ ಬಂತು, ಬಂದ ದಿನದಿಂದಲೇ ತುಕ್ಕು.
"ಉಪ್ಪುಗಾಳಿ ನಮ್ಮ ಪಾಲುದಾರ," ಅನ್ನುತ್ತಿದ್ದ ಅಜ್ಜ,
"ಬಿಜಾಗರಿಯನ್ನು ಅವನು ತಿನ್ನದಿದ್ದರೆ
ಇನ್ನೊಂದನ್ನು ಯಾರು ಕೊಳ್ಳುತ್ತಾರೆ?"
ರಾತಲು ಹೋಗಿ ಕಿಲೋ ಬಂದ ವರ್ಷ
ಹಳೆಯ ತೂಕದ ಕಲ್ಲುಗಳನ್ನು ಎಸೆಯದೆ
ಮೆಟ್ಟಿಲ ಬದಿಗೆ ಸಾಲಾಗಿ ಇಟ್ಟ.
ನನ್ನ ಮುಂದಿನ ಹಲ್ಲೊಂದು ಅವುಗಳ ಲೆಕ್ಕಕ್ಕೆ.

ಏಳರದ್ದು ಅದಕ್ಕಿಂತ ಹಿಂದಿನ ಮಾತು.
ದಕ್ಕೆಯಲ್ಲಿ ಮಂಜಿಗೆ ಹಂಚು ಏರಿಸುತ್ತಿದ್ದ ಪೊಡಿಯಬ್ಬ
ಜಾರಿ ಬಿದ್ದ. ಮೊಣಕಾಲು ತಿರುಗಬಾರದ ಕಡೆಗೆ ತಿರುಗಿತು.
ಅಜ್ಜ ಗೋಡೆಗೊರಗಿದ್ದ ಹಲಗೆಯೊಂದನ್ನು ಎಳೆದು ಕೊಟ್ಟ.
ಏಳೇ ಯಾಕೆ? ಕೈಗೆ ಸಿಕ್ಕಿದ್ದು ಅದು.
ನಾಲ್ವರು ಹೊತ್ತುಕೊಂಡು ವೆನ್ಲಾಕಿಗೆ ಓಡಿದರು.
ಕಾಲು ಉಳಿಯಿತು. ಹಲಗೆ ಮರಳಲಿಲ್ಲ.

ಆರು ತಿಂಗಳ ಮೇಲೆ ಪೊಡಿಯಬ್ಬ ಕೋಲೂರಿ ಬಂದು
ಗಲ್ಲಾಪೆಟ್ಟಿಗೆಯ ಮೇಲೆ ಒಂದಾಣೆ ಇಟ್ಟ:
"ಹಲಗೆಯ ಬಾಬ್ತು."
ಅಜ್ಜ ಬೇಡ ಅನ್ನಲಿಲ್ಲ, ಬರೆದುಕೊಂಡ.
ಮುಂದಿನ ಶನಿವಾರವೂ ಬಂದ. ಅದರ ಮುಂದಿನದೂ.
ಅಜ್ಜಿಗೆ ಬೀದಿಯಲ್ಲಿ ತಲೆಯೆತ್ತಲು ನಾಚಿಕೆ:
"ಕಾಲು ಮುರಿದವನ ದುಡ್ಡು ಎಣಿಸ್ತೀರಲ್ಲ!"
ಅಜ್ಜ ಮೊಳೆಯ ಪೊಟ್ಟಣ ಕಟ್ಟುತ್ತ, ನೂಲು ಹಲ್ಲಲ್ಲಿ ಕಚ್ಚಿ:
"ನಡೀಬೇಕು ಅಂತ ಡಾಕ್ಟರು ಹೇಳಿದ್ದಾರೆ.
ನಾನು ಬೇಡ ಅಂದರೆ
ಕುದ್ರೋಳಿಯಿಂದ ಇಲ್ಲಿಗೆ ಅವನು ಯಾಕೆ ನಡೀತಾನೆ?"

ಆಣೆ ಹೋಗಿ ಪೈಸೆ ಬಂದರೂ ಅವನು ಬಂದ.
ಆ ಪುಟ ಈಗಲೂ ಇದೆ.
ಹಲಗೆಯ ಬೆಲೆ ಮೂರು ರೂಪಾಯಿ.
ಜಮೆ ನಲವತ್ತೊಂದು ಚಿಲ್ಲರೆ.
ಕೆಳಗೆ ಅಜ್ಜನ ಕೈಬರಹ: ಬಾಕಿ, ನಮ್ಮ ಕಡೆಯಿಂದ.
ಎದುರು ಪುಟದಲ್ಲಿ ಚಿಲಕ ಎರಡು, ರೀಪು ಹದಿನಾರು,
ಮತ್ತೆ ಶಾಯಿ ಹರಡಿ ಓದಲಾಗದ್ದು.
ಯಾರದ್ದೋ ಮನೆಯ ಅರ್ಧ ಮಾಡು ಇರಬೇಕು.

ಅಪ್ಪನ ಕಾಲ ಸಿಮೆಂಟಿನದು.
ಪರ್ಮಿಟ್ ಚೀಟಿ ಹಿಡಿದು ಊರೇ ನಿಂತಿತ್ತು,
ಎರಡು ಮೂಟೆ ಹೆಚ್ಚಿಗೆ ಸಿಗಲೆಂದು
ಮಗಳ ಲಗ್ನಪತ್ರಿಕೆ ತೋರಿಸುವವರು,
ಲಗ್ನವಿಲ್ಲದೆಯೂ ತೋರಿಸುವವರು.
ಆಗಲೇ ಅಪ್ಪ ಹೊಸ ಬೋರ್ಡು ಬರೆಸಿದ್ದು:
ವಾಮನ ಕುಡ್ವ ಅಂಡ್ ಸನ್ಸ್.
ಅಜ್ಜನಿಗೆ ಇದ್ದದ್ದು ಒಬ್ಬನೇ ಮಗ. ಅಪ್ಪನಿಗೆ ಒಬ್ಬನೂ ಇಲ್ಲ.
ಆ ಬಹುವಚನವನ್ನು ಇಪ್ಪತ್ತಾರು ವರ್ಷದಿಂದ
ನಾನೊಬ್ಬಳೇ ನಡೆಸುತ್ತಿದ್ದೇನೆ.

ಬೀದಿಗೆಲ್ಲ ಮಾರಿದ ರೋಲಿಂಗ್ ಶಟರ್
ಕೊನೆಗೆ ಸೋಮವಾರ ನಮಗೂ ಬಂತು.
ನನ್ನ ಭುಜ ಒಪ್ಪಲಿಲ್ಲ, ಅಷ್ಟೇ ಕಾರಣ.
ರೆಸಾರ್ಟು ಕಟ್ಟಿಸುವವನೊಬ್ಬ ಹಲಗೆ ನೋಡಲು ಬಂದ,
ಕೆತ್ತಿದ ಅಂಕಿಯ ಮೇಲೆ ಬೆರಳಾಡಿಸಿದ,
ದೇವದಾರನ್ನು ಕಾಲಲ್ಲಿ ಸರಿಸಿದ.
"ಇದು ಸೆಟ್ಟಿನದ್ದಲ್ಲ."
ಅಲ್ಲ ಅಂದೆ. ಹತ್ತನ್ನೂ ಕೊಟ್ಟೆ,
ಚೌಕಾಸಿಯಲ್ಲಿ ನಾನು ಅಪ್ಪನ ಮಗಳು.

ಏಳು ಈಗ ಕೌಂಟರಿನ ಮೇಲೆ ಅಡ್ಡ ಮಲಗಿದೆ,
ವಾಷರಿನ ಡಬ್ಬಿಗಳು ಅದರ ಮೇಲೆ.
ಮೇಲಿನ ಬದಿ, ಕೆಳಗಿನ ಬದಿ ಎಂಬುದು ಇನ್ನಿಲ್ಲ,
ಬಾಣ ಸುಮ್ಮನೆ ಬೀದಿಯ ಕಡೆ ತೋರಿಸುತ್ತದೆ.
ಅಲ್ಲಿಂದ ಒಬ್ಬ, ಕೈಯಲ್ಲಿ ಹಳೆಯ ನಲ್ಲಿ:
"ಅಕ್ಕ, ಇದಕ್ಕೆ ಅರ್ಧ ಇಂಚಿನದ್ದು ಉಂಟಾ?"

ಉಂಟು. ಮೊದಲು ಆ ನಲ್ಲಿ ಇಲ್ಲಿ ಕೊಡು.